ಹುಳಗಟ್ಟೆಯಲ್ಲಿ ಕೂತವರು

ಕರಿಬಂಡೆಹಾಳದ ಕೆರೆ ಏರಿಯ ಮೇಲೆ, ತೂಬಿನ ಪಕ್ಕ, ಉದ್ದನೆಯದೊಂದು ಕಲ್ಲಿನ ಕಟ್ಟೆ ಇದೆ. ಅದರ ಹಾಸುಗಲ್ಲುಗಳ ಮೇಲೆ ಹೆಬ್ಬೆರಳಿನಷ್ಟು ಉದ್ದದ ಕಲ್ಲುಹುಳಗಳು ಮೈಚಾಚಿ ಮಲಗಿವೆ. ಬೆನ್ನಿನುದ್ದಕ್ಕೂ ಮೂರು ಏಣು, ಅಡ್ಡಕ್ಕೆ ಸೀರೆಯ ನೆರಿಗೆಯಂಥ ಮಡಿಕೆಗಳು. ನೋಡಲು ಬರುವ ಕಾಲೇಜಿನವರಲ್ಲಿ ಒಬ್ಬರು ಇವು ಕಲ್ಲಾಗಿ ಉಳಿದ ಹಳೆಗಾಲದ ಕಡಲಜೀವಿ ಟ್ರೈಲೊಬೈಟ್ ಎಂದರೆ, ಇನ್ನೊಬ್ಬರು ಈ ಸೀಮೆಯಲ್ಲಿ ಅವು ಸಿಗುವುದೇ ಇಲ್ಲ ಎನ್ನುತ್ತಾರೆ. ಅವರ ಜಗಳ ಅವರಿಗಿರಲಿ. ಊರವರಿಗೆ ಅದು ಹುಳ, ಈ ಕಟ್ಟೆ ಹುಳಗಟ್ಟೆ.

ಹಿಂದೆ ಒಮ್ಮೆ, ಹಾಸುಗಲ್ಲು ಸೀಳುವವರ ಮನೆಗೆ ಗಿರೆವ್ವ ಎಂಬಾಕೆ ಸೊಸೆಯಾಗಿ ಬಂದಿದ್ದಳಂತೆ. ಕಲ್ಲಿನ ಅಂಚಿನಲ್ಲಿ ಕರಿ ಗೆರೆ ಕಂಡರೆ ಅದರೊಳಗೆ ಹುಳ ಇದೆಯೆಂದು ಆಕೆಗೆ ಗೊತ್ತು. ಉಳಿ ಇಟ್ಟು ಮೆಲ್ಲಗೆ ತಟ್ಟಿದರೆ ಕಲ್ಲು ರೊಟ್ಟಿಯಂತೆ ಎರಡು ಪದರಾಗುತ್ತಿತ್ತು. ಒಂದರಲ್ಲಿ ಉಬ್ಬಿದ ಹುಳ, ಇನ್ನೊಂದರಲ್ಲಿ ಅದರದೇ ಕುಳಿ. ಹುಳವಿದ್ದ ಪದರನ್ನು ತಂದು ಕೌದಿಗಳ ಅಡಿಯಲ್ಲಿ ಜೋಡಿಸಿಡುವಳು. ಮಾರುವುದಕ್ಕಲ್ಲ, ಪೂಜಿಸುವುದಕ್ಕಲ್ಲ, ನೋಡುವುದಕ್ಕೆ, ಅಷ್ಟೇ. “ಮಂದಿ ಸೊಸ್ತೇರು ಕೂಸಿನ ಮಾರಿ ನೋಡತಾರ, ನಮ್ಮಾಕಿ ಕಲ್ಲಿನ ಮಾರಿ ನೋಡ್ಕೋತ ಕುಂದರತಾಳ” ಎಂದು ಅತ್ತೆ ಚುಚ್ಚಿದರೆ, “ನಿಮ್ಮ ಮಗನಕಿಂತ ಇವು ಹೆಚ್ಚು ಮಾತಾಡತಾವ ಬಿಡ್ರಿ ಅತ್ತಿ” ಎಂದು ಗಿರೆವ್ವ ಬಾಯಿ ಮುಚ್ಚಿಸುವಳು.

ಬರಬರುತ್ತ ಗಣಿಯಲ್ಲಿ ಕರಿ ಗೆರೆಯ ಕಲ್ಲು ತೀರಿಹೋಯಿತು. ಆಸೆ ತೀರಲಿಲ್ಲ. ಒಂದು ಬೇಸಗೆ ಕೆರೆ ಇಳಿದಾಗ, ತನ್ನ ಕೂಸಿನ ಬಟ್ಟೆ ಒಗೆಯುತ್ತಿದ್ದ ಗಿರೆವ್ವನಿಗೆ ಏರಿಯ ಒಳಮೈಗೆ ಹೊದಿಸಿದ ಕಲ್ಲುಗಳ ಅಂಚಿನಲ್ಲಿ ಅದೇ ಗೆರೆ ಕಂಡಿತು. ಒಂದೇ ಒಂದು ಎಂದುಕೊಂಡಳು. ಕಲ್ಲೆಬ್ಬಿಸಿ ಸೀಳಿ, ಹುಳದ ಪದರನ್ನು ಸೆರಗಿನಲ್ಲಿ ಕಟ್ಟಿಕೊಂಡು, ಉಳಿದ ತೆಳು ಪದರನ್ನು ಕುಳಿ ಕೆಳಗಾಗುವಂತೆ ಬೋರಲು ಹಾಕಿ, ಸಂದಿಗೆ ಕೆಸರು ಮೆತ್ತಿದಳು. ಮೇಲಿನಿಂದ ನೋಡಿದರೆ ಕಲ್ಲು ಇದ್ದಹಾಗೇ ಇತ್ತು. ಮರುದಿನ ಇನ್ನೊಂದು, ಆಮೇಲೆ ಮತ್ತೊಂದು. ತೂಬು ಕಾಯುವ ನೀರಗಂಟಿ ಮರಗಪ್ಪ ಏರಿಯ ಮೇಲೆ ಹೋಗುತ್ತ, “ಏನ್ ತಂಗಿ, ಅರಿವಿ ಎಷ್ಟು ಒಗಿತೀ? ಕೆರೀನ ಸವದು ಹೋದೀತು” ಎಂದು ನಗೆಯಾಡಿದರೆ ಆಕೆಯೂ ನಗುತ್ತಿದ್ದಳು.

ಮಳೆಗಾಲದಲ್ಲಿ ಕೆರೆ ತುಂಬಿತು. ಒಂದು ರಾತ್ರಿ ತೆಳುವಾದ ಕಲ್ಲುಗಳನ್ನು ಅಲೆಗಳು ಕಿತ್ತವು, ಹಿಂದಿನ ಮಣ್ಣು ಕರಗಿತು, ಬೆಳಗಾಗುವಷ್ಟರಲ್ಲಿ ಏರಿ ಒಡೆದಿತ್ತು. ಕೆಳಗಿನ ತೋಟಗಳೆಲ್ಲ ಕೆಸರಾದವು. ಮರಗಪ್ಪ ಕಾವಲು ಬಿಟ್ಟು ಮಲಗಿದ್ದನೆಂದು ಹಿರಿಯರು ತೀರ್ಮಾನಿಸಿ, ಚಾವಡಿಯಲ್ಲಿ ಎಲ್ಲರ ಮುಂದೆ ಅವನ ರುಮಾಲು ತೆಗೆಸಿ, ಊರು ಬಿಡು ಎಂದರು. ಗಿರೆವ್ವ ಹೆಂಗಸರ ನಡುವೆ ನಿಂತು ಎಲ್ಲವನ್ನೂ ಕೇಳಿದಳು. ಅತ್ತೆಗೆ ಎದುರಾಡುವ ನಾಲಿಗೆ ಆ ದಿನ ಏಳಲಿಲ್ಲ. ಬಾಯಿಬಿಟ್ಟರೆ ಗಂಡನ ಮನೆಯೇ ಊರು ಬಿಡಬೇಕಾದೀತು ಎಂಬ ಭಯ. ಕೂಸಿಗೆ ಹಾಲೂಡಿಸಲು ಕೂತರೆ ಕೌದಿಗಳ ಅಡಿಯ ಹುಳಗಳೆಲ್ಲ ತನ್ನನ್ನೇ ನೋಡುತ್ತಿವೆ ಎನಿಸುತ್ತಿತ್ತು.

ಗಂಟುಮೂಟೆ ಹೊತ್ತು ಹೊರಟ ಮರಗಪ್ಪ ಆಕೆಯ ಬಾಗಿಲ ಮುಂದೆಯೇ ಹಾದುಹೋಗಬೇಕಿತ್ತು. ಬರಿತಲೆಯಲ್ಲಿ ನಿಂತು, “ಮೊದಲ ಮೊದಲ ನಾ ಮಲಗಿಲ್ಲಂತ ಆಣಿ ಮಾಡಿದೆ, ತಂಗಿ. ಈಗ ನನಗ ತಿಳೀವಲ್ಲದು. ಇಷ್ಟು ಮಂದಿ ಅಂತಾರಂದ ಮ್ಯಾಲ ಕಣ್ಣು ಹತ್ತಿತ್ತೇನೋ” ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತು ತಡೆಯಲಾಗಲಿಲ್ಲ. “ನಿಂದರು ಅಣ್ಣಾ” ಎಂದವಳೇ ಕೌದಿಗಳನ್ನು ಎಳೆದು ಬಿಸಾಡಿ, ಏರಿಯಿಂದ ತಂದಿದ್ದ ಕಲ್ಲುಗಳನ್ನು ಬುಟ್ಟಿಗೆ ತುಂಬಿ, ಏರಿ ಕಟ್ಟುತ್ತಿದ್ದ ಜನರ ನಡುವೆ ತಂದು ಸುರಿದಳು. ಕೆಸರಿನಲ್ಲಿ ಬಿದ್ದಿದ್ದ ತೆಳು ಕಲ್ಲುಗಳನ್ನು ಹುಡುಕಿ ಮಗುಚಿ, ಒಂದೊಂದು ಹುಳವನ್ನೂ ಅದರದರ ಕುಳಿಯಲ್ಲಿ ಕೂರಿಸಿದಳು. ಮುಚ್ಚಳ ಕೂತಂತೆ ಕೂತವು. ಯಾರೂ ಏನನ್ನೂ ಕೇಳಬೇಕಾಗಲಿಲ್ಲ. “ನಮ್ಮ ಮನಿ ಕಲ್ಲು ಸೀಳೂದು ಊರು ಕಟ್ಟಾಕಂತ ತಿಳಿದಿದ್ದೆ” ಎಂದಷ್ಟೇ ಹೇಳಿ ಅತ್ತೆ ಮುಖ ತಿರುಗಿಸಿದಳಂತೆ.

ಮರಗಪ್ಪನ ತಲೆಗೆ ರುಮಾಲು ಮರಳಿತು. ಗಿರೆವ್ವನನ್ನು ಏನು ಮಾಡಬೇಕೆಂದು ಹಿರಿಯರು ಕೇಳಿದಾಗ ಅವನು, “ಕೂಸಿನ ತಾಯಿ, ಇರಲಿ” ಎಂದ. ಆದರೆ ಅಂದಿನಿಂದ ಆಕೆಯನ್ನು ತಂಗಿ ಎನ್ನಲಿಲ್ಲ. ಒಮ್ಮೆ ಸೀಳಿದ ಕಲ್ಲು ಏರಿಗೆ ಬಾರದು. ಅದಕ್ಕೇ ಆ ಕಲ್ಲುಗಳನ್ನು ಹುಳ ಮೇಲಾಗುವಂತೆ ತೂಬಿನ ಪಕ್ಕ ಹಾಸಿ ಕಟ್ಟೆ ಮಾಡಿದರು. ಪ್ರತಿ ಮಳೆಗಾಲದಲ್ಲೂ ಗಿರೆವ್ವ ಅದರ ಒಂದು ತುದಿಯಲ್ಲಿ ಬಂದು ಕೂರುತ್ತಿದ್ದಳು, ತಾನು ಕಾದರೆ ಅವನಾದರೂ ಮಲಗಲಿ ಎಂದು. ಮರಗಪ್ಪ ಇನ್ನೊಂದು ತುದಿಯಲ್ಲಿ ಕಣ್ಣು ತೆರೆದೇ ಕೂತಿರುತ್ತಿದ್ದ. ತನ್ನ ನಿದ್ದೆಯನ್ನು ಅವನು ಮತ್ತೆ ನಂಬಲೇ ಇಲ್ಲ ಎನ್ನುತ್ತಾರೆ.

ಇಂದು ಹೋದವರು ಕಟ್ಟೆಯ ಮೇಲೆ ಕೈಯಾಡಿಸಿ ನೋಡಬಹುದು. ಎರಡು ತುದಿಗಳಲ್ಲೂ ಕೂತು ಕೂತು ಹುಳಗಳು ಸವೆದು ನುಣ್ಣಗಾಗಿವೆ. ನಡುವೆ ಮಾತ್ರ ಏಣು, ಮಡಿಕೆ, ಕಣ್ಣು ಎಲ್ಲವೂ ನಿನ್ನೆ ಸೀಳಿದಂತಿವೆ. ಅಲ್ಲಿ ಯಾರೂ ಕೂತಿರಲಿಲ್ಲ.