ಹೆಬ್ಬಾತಿನ ತಲೆಗೆ ಎರಡು ಗೆರೆ

ಭೂಮಿ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದು ಅಂದರೆ, ತನ್ನ ಮೇಲೆ ಯಾವ ಜೀವ ಎಷ್ಟಿವೆ ಅಂತ ಭೂಮಿತಾಯಿಗೇ ಗೊತ್ತಿರಲಿಲ್ಲ! ಅದಕ್ಕೇ ಅವಳು ನಾಡಿಗೊಬ್ಬರನ್ನು ಎಣಿಸಲು ಇಟ್ಟಿದ್ದಳು.

ನಮ್ಮ ಕೆರೆಯ ಪಾಲಿಗೆ ಬಂದವಳು ಬಾಳವ್ವ. ಬಲು ಗಟ್ಟಿಗಿತ್ತಿ. ಚಳಿಗಾಲದಲ್ಲಿ ಹೆಬ್ಬಾತುಗಳು ಬಂದಿಳಿದರೆ ಸಾಕು, ಒಂದೊಂದಕ್ಕೂ ಒಂದು ಕಡಲೆಕಾಳು ಗಡಿಗೆಗೆ ಹಾಕುವಳು. ಆಗ ಅವುಗಳ ತಲೆಯೆಲ್ಲ ಹಾಲಿನ ಹಾಗೆ ಬೆಳ್ಳಗಿತ್ತು. "ಸಾವಿರ! ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ" ಎಂದು ಗಾಳಿಯ ಕೈಯಲ್ಲಿ ಹೇಳಿ ಕಳಿಸಿದಳು.

ಒಂದು ದಿನ ಗಾಳಿ ಓಡೋಡಿ ಬಂತು.

"ಬಾಳವ್ವಾ, ಕೆಟ್ಟ ಸುದ್ದಿ. ಹಿಮದ ಗುಡ್ಡದಾಚೆ ಬ್ಯಾರೆ ನಾಡೈತಿ. ಅಲ್ಲಿ ಎಣಸಾಕಿ ಯಾಂಗ್ಚೆನ್ ಅಂತ. ಬ್ಯಾಸಗ್ಯಾಗ ಸಾವಿರ ಙಾಂಗ್ಪಾ ಅದಾವ ಅಂದಾಳ. ನೀ ಸಾವಿರ ಹೆಬ್ಬಾತು ಅಂದಿ. ಎರಡು ಜಾತಿ, ಎರಡು ಸಾವಿರ, ಭಾಳ ಆತು ಅಂತ ಭೂಮಿತಾಯಿ ಹದ್ದಿಗೆ ತಿನ್ನಾಕ ಅರ್ಧರ್ಧ ಕೊಟ್ಟುಬಿಟ್ಟಾಳ. ಅಲ್ಲಿ ಐನೂರು, ಇಲ್ಲಿ ಐನೂರು."

"ಙಾಂ... ಏನಂದಿ? ಹೆಸರು ಹೇಳಾಕ ಹೋದ್ರ ಮೂಗು ಕಟ್ತೈತಲ್ಲೋ!"

ಕೆರೆಯಲ್ಲಿದ್ದ ಮುದಿ ಹೆಬ್ಬಾತು ಗಳಗಳ ಅತ್ತಿತು. "ಅದು ನಾವ ಯವ್ವಾ! ಇಲ್ಲಿ ಹೆಬ್ಬಾತು, ಅಲ್ಲಿ ಙಾಂಗ್ಪಾ. ಅಲ್ಲಿ ಐನೂರು, ಇಲ್ಲಿ ಐನೂರು ಹೋದ್ರ ಉಳಿಯೋರು ಯಾರು?"

ಬಾಳವ್ವ ಗಡಿಗೆ ಕೆಳಗಿಟ್ಟಳು. ಸೀದಾ ನೆಲಕ್ಕೆ ಬಾಯಿಟ್ಟು ಕೂಗಿದಳು. "ತಾಯೀ, ಎರಡೂ ಒಂದ ಹಕ್ಕಿ!"

"ನಂಬೋದು ಹೆಂಗ?" ಅಂದಳು ಭೂಮಿತಾಯಿ.

"ಇವಕ್ಕೊಂದು ಗುರುತು ಹಾಕ್ತೀನಿ. ಆಚೀ ನಾಡಿನ ಹಕ್ಕಿ ಮ್ಯಾಲೂ ಅದ ಗುರುತು ಕಂಡ್ರ?"

"ಕಂಡ್ರ ಬಿಡ್ತೀನಿ. ಒಂದ ವರ್ಷ ಹದ್ದನ್ನ ತಡೀತೀನಿ, ನೋಡು."

ಬಾಳವ್ವ ಕಣ್ಣಿಗೆ ಹಚ್ಚುವ ಕಾಡಿಗೆ ತಂದಳು. ಕೂಸು ಪರವೂರಿಗೆ ಹೊರಟರೆ ದೃಷ್ಟಿಬೊಟ್ಟು ಇಡುವುದಿಲ್ಲವೇ, ಹಾಗೆ. ಸಾವಿರ ತಲೆಗೂ, ಈ ಕಣ್ಣಿಂದ ತಲೆಯ ಹಿಂದೆ ಸುತ್ತಿ ಆ ಕಣ್ಣಿನವರೆಗೆ, ಒಂದೊಂದು ಗೆರೆ ಎಳೆದಳು. ಬೆರಳು ಸೋತರೂ ಬಿಡಲಿಲ್ಲ.

ಬೇಸಿಗೆಯಲ್ಲಿ ಹಕ್ಕಿಗಳು ಹಿಮದ ಗುಡ್ಡ ದಾಟಿ ಹೋದಾಗ ಯಾಂಗ್ಚೆನ್ ನೋಡಿದಳು. ದೃಷ್ಟಿಗಿಷ್ಟಿ ಅವಳಿಗೇನು ಗೊತ್ತು! "ಅರೆ, ನನಗಿಂತ ಮೊದಲೇ ಯಾರೋ ಎಣಿಸಿ ಗೆರೆ ಹಾಕಿದ್ದಾರೆ!" ಎಂದು ನಕ್ಕಳು. ದೀಪದ ಮಸಿ ತೆಗೆದು, ಅದರ ಕೆಳಗೆ ತನ್ನದೂ ಒಂದು ಗೆರೆ ಎಳೆದು ಕಳಿಸಿದಳು.

ಚಳಿಗಾಲ ಬಂತು. ಹದ್ದು ಮರದ ತುದಿಯಲ್ಲಿ ಕಾದು ಕೂತಿತ್ತು. ಬಾಳವ್ವನಿಗೆ ಊಟ ಸೇರಲಿಲ್ಲ. ಕೊನೆಗೂ ಹಕ್ಕಿಗಳು ಇಳಿದವು. ಪ್ರತಿ ತಲೆಗೂ ಎರಡು ಗೆರೆ! ಒಂದೇ ಗೆರೆಯ ಹಕ್ಕಿ ಹುಡುಕಿದರೂ ಇರಲಿಲ್ಲ.

"ನೋಡ ತಾಯೀ! ಮ್ಯಾಲಿಂದು ನಂದು, ಕೆಳಗಿಂದು ಆಕೀದು. ಹಕ್ಕಿ ಒಂದ!"

ಭೂಮಿತಾಯಿ ನಾಲಿಗೆ ಕಚ್ಚಿಕೊಂಡಳು. "ತಪ್ಪಾತು ಮಗಳ" ಎಂದು ಹದ್ದನ್ನು ಬರಿಹೊಟ್ಟೆಯಲ್ಲೇ ಓಡಿಸಿದಳು. ಆ ಮಸಿ ಎಂದೂ ತೊಳೆದು ಹೋಗದ ಹಾಗೆ, ಹುಟ್ಟುವ ಮರಿಗೂ ಬರುವ ಹಾಗೆ, ಗರಿಯೊಳಗೇ ಇಳಿಸಿಬಿಟ್ಟಳು.

ಈ ಚಳಿಗಾಲ ಕೆರೆಗೆ ಹೋದಾಗ ಹೆಬ್ಬಾತಿನ ಬಿಳಿ ತಲೆ ನೋಡು ಮಗಾ: ಅಲ್ಲಿರುವ ಎರಡು ಕಪ್ಪು ಗೆರೆ, ಒಬ್ಬರ ಮುಖ ಒಬ್ಬರು ನೋಡದ ಎರಡು ನಾಡಿನ ಹೆಂಗಸರು ಒಂದೇ ಹಕ್ಕಿಗಾಗಿ ಹಾಕಿದ ರುಜು.