ಬಡಿಸುವವನ ಹಸಿವು

"ಬುದ್ಧೀ, ತನ್ನ ಆಸೆಯೇ ತೀರದವನು ಇನ್ನೊಬ್ಬರಿಗೆ ಗುರುವಾಗಬಹುದೇ?"

ಕೇಳಿದವನು ಗುರುಮಲ್ಲ. ಮಠದ ಸಂಗೀತ ಶಾಲೆಯಲ್ಲಿ ವಚನ ಹಾಡುವುದನ್ನು ಕಲಿತು, ನಾಲ್ಕಾರು ಊರುಗಳಲ್ಲಿ ಹಾಡಿ, ಸೈ ಅನ್ನಿಸಿಕೊಂಡವನು. ಈಚೆಗೆ ಗುರುಗಳು ಅವನನ್ನು ಕರೆಸಿ, ಇನ್ನು ಮೇಲೆ ಮಕ್ಕಳ ಪಾಠ ನಿನ್ನದು ಎಂದಿದ್ದರು. ಅವನು ಕೆಲವು ದಿನ ಪಾಠ ಮಾಡಿಯೂ ನೋಡಿದ. ಒಂದು ಮಗು ಸ್ವರ ಎತ್ತಿದರೆ ಸಾಕು, ಅದು ಮುಗಿಸುವ ಮೊದಲೇ ಇವನು ಹಾಡಲು ತೊಡಗುತ್ತಿದ್ದ. ಮಕ್ಕಳು ಬಾಯಿ ಮುಚ್ಚಿಕೊಂಡು ತಲೆದೂಗುತ್ತಿದ್ದರು. ಪಾಠ ಹೋಗಿ ಕಚೇರಿಯಾಗುತ್ತಿತ್ತು. ಈ ಕೆಲಸ ತನ್ನಿಂದಾಗದು, ಬೇರೆ ಯಾರಿಗಾದರೂ ಒಪ್ಪಿಸಿ ಎಂದು ಹೇಳಲೆಂದೇ ಅವನು ಬಂದಿದ್ದ. ಹೇಳಲು ಬಾಯಿ ಬರಲಿಲ್ಲ. ಪ್ರಶ್ನೆ ಕೇಳಿದ.

ಗುರುಗಳಿಗೆ ಅಷ್ಟೂ ತಿಳಿಯದೇ? ಅವರು ನಕ್ಕರು.

"ಗೋಡೆಯಾಚೆ ಕಾಲೇಜಿನ ಹುಡುಗರು ಚೆಂಡು ಬಡಿಯುತ್ತಿದ್ದಾರಲ್ಲ, ಕೇಳಿಸುತ್ತಿದೆಯಾ? ಕೂತುಕೋ. ಒಬ್ಬ ಬ್ಯಾಸ್ಕೆಟ್‌ಬಾಲ್ ಕೋಚನ ಕತೆ ಹೇಳುತ್ತೇನೆ. ಸನ್ಯಾಸಿಗೆ ಚೆಂಡಿನ ಸಹವಾಸ ಯಾಕೆ ಅಂತ ಮುಖ ಹುಳಿ ಮಾಡಿಕೊಳ್ಳಬೇಡ. ಸುಮ್ಮನೆ ಕೇಳು."

ಗುರುಮಲ್ಲ ಕೂತ. ಗುರುಗಳು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ಆಟಗಾರನಿದ್ದ. ಕಾಲೇಜಿಗೆ ಸೇರಿದಾಗ ತಂಡದ ಆಯ್ಕೆಗೆ ಬಂದವರಲ್ಲೆಲ್ಲ ಅವನೇ ಕುಳ್ಳ. ಆದರೂ ಕೋಚ್ ಅವನನ್ನೇ ತೆಗೆದುಕೊಂಡ. ಜನ ಆಡಿಕೊಂಡು ನಕ್ಕರು. ಒಂದೇ ವರ್ಷದಲ್ಲಿ ನಕ್ಕವರೇ ಚಪ್ಪಾಳೆ ಹೊಡೆದರು. ಚೆಂಡು ಎಲ್ಲಿಂದ ಬರಲಿ, ಹೇಗೆ ಬರಲಿ, ಅವನ ಕೈಗೆ ಬಂದದ್ದು ಜಾರಿತು ಅನ್ನುವ ಮಾತೇ ಇರಲಿಲ್ಲ. ಕಾಲೇಜಿಗೆ ಆಡಿದ. ರಾಜ್ಯಕ್ಕೆ ಆಡಿದ. ದೇಶಕ್ಕೂ ಆಡುತ್ತಾನೆ ಅನ್ನುವ ಹೊತ್ತಿಗೆ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಇನ್ನು ಸಾಕು ಎಂದರು. ಅಲ್ಲಿಗೆ ಆಟ ಮುಗಿಯಿತು.

ಸುಮ್ಮನೆ ಕೂರುವ ಜೀವವಲ್ಲ ಅದು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾದ. ಚಿಕ್ಕ ಕಾಲೇಜೊಂದರಲ್ಲಿ ತಂಡ ಕಟ್ಟಿದ. ಮುಂದೆ ತಾನು ಓದಿದ ಕಾಲೇಜಿನವರೇ ಕರೆದು, ನಮ್ಮ ಹುಡುಗರನ್ನು ನೋಡಿಕೋ ಎಂದರು. ಹಳೆಯ ಕೋಚ್ ನಿವೃತ್ತನಾಗಿದ್ದ. ಶಿಷ್ಯ ಅವನ ಜಾಗಕ್ಕೆ ಬಂದ. ಊರಿಗೂ ಸಂತೋಷ, ಇವನಿಗೂ ಸಂತೋಷ. ಹುಡುಗರಂತೂ ಅವನೆಂದರೆ ಜೀವ ಬಿಡುತ್ತಿದ್ದರು. ಆ ವರ್ಷವೇ ತಂಡ ಫೈನಲ್ ತಲುಪಿತು.

ಇಲ್ಲಿ ಆಟದ ಒಂದು ಕಟ್ಟಳೆ ನಿನಗೆ ಗೊತ್ತಿರಬೇಕು. ಚೆಂಡು ಗೆರೆ ದಾಟಿದರೂ ಗಾಳಿಯಲ್ಲಿರುವ ತನಕ ಅದಕ್ಕೆ ಜೀವವಿದೆ. ಆಟಗಾರ ಹಾರಿ ಅದನ್ನು ಒಳಕ್ಕೆ ತಳ್ಳಬಹುದು. ಹೊರಗೆ ನಿಂತವರು ಮಾತ್ರ ಮುಟ್ಟುವ ಹಾಗಿಲ್ಲ. ಕೋಚ್ ಆದರೂ ಅಷ್ಟೆ. ಮುಟ್ಟಿದರೆ ಎದುರಿನವರಿಗೆ ಒಂದು ಫ್ರೀ ಥ್ರೋ ಕೊಡುತ್ತಾರೆ. ಅಡ್ಡ ಬರುವವರಿಲ್ಲದೆ ನಿಂತು ಎಸೆಯುವ ಎಸೆತ ಅದು.

ಫೈನಲ್ಲಿನಲ್ಲಿ ಎರಡೂ ತಂಡ ಸಮಸಮ. ಇನ್ನೇನು ಆಟ ಮುಗಿಯಬೇಕು. ಇವನ ಹುಡುಗನೊಬ್ಬ ಎಸೆದ ಪಾಸು ಎತ್ತರವಾಗಿ, ಗೆರೆ ದಾಟಿ, ನೇರ ಇವನ ಕಡೆಗೇ ಬಂತು. ತಂಡದ ನಾಯಕ ಅದರ ಹಿಂದೆಯೇ ಓಡಿ ಬರುತ್ತಿದ್ದ. ಕೋಚ್ ಏನು ಮಾಡಬೇಕಿತ್ತು? ಪಕ್ಕಕ್ಕೆ ಸರಿದು ನಿಲ್ಲಬೇಕಿತ್ತು. ಈ ಮಹಾರಾಯ ಏನು ಮಾಡಿದ? ನೋವಿನ ಕಾಲಿನಲ್ಲೇ ಎಗರಿ ಎರಡೂ ಕೈಯಲ್ಲಿ ಚೆಂಡು ಹಿಡಿದುಬಿಟ್ಟ!

ಹಿಡಿದದ್ದು ಎಂಥ ಚೆಂದ ಅಂತೀಯ! ಒಂದು ಗಳಿಗೆ ಅವನಿಗೆ ಸುಖವೋ ಸುಖ. ಆಮೇಲೆ ಸೀಟಿ ಕೇಳಿಸಿತು. ಕಣ್ಣು ಬಿಟ್ಟು ನೋಡಿದರೆ, ನಾಯಕ ಎದುರಿಗೇ ಕೈ ಚಾಚಿಕೊಂಡು ನಿಂತಿದ್ದ.

"ನಾನು ಬರ್ತಾ ಇದ್ದೆನಲ್ಲ ಸಾರ್" ಎಂದ ಹುಡುಗ.

ಎದುರಿನವರ ಆ ಎಸೆತ ತಪ್ಪಲಿಲ್ಲ. ಉಳಿದ ಚೂರು ಹೊತ್ತಿನಲ್ಲಿ ಇವರಿಂದ ಏನೂ ಆಗಲಿಲ್ಲ. ಕಪ್ ಹೋಯಿತು. ಹುಡುಗರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ಅವನು ಹಳೆಯ ಕೋಚನ ಮನೆಗೆ ಹೋದ. ಮುದುಕ ಜಗಲಿಯ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದ. ಬಾ ಎನ್ನಲೂ ಇಲ್ಲ, ಕೂರು ಎನ್ನಲೂ ಇಲ್ಲ, ಕಾಳಿನ ಪಾತ್ರೆಯನ್ನು ಮಧ್ಯಕ್ಕೆ ಸರಿಸಿದ. ಇವನೂ ಹಿತುಕಲು ಕೂತ. ಸ್ವಲ್ಪ ಹೊತ್ತಾದ ಮೇಲೆ ಬಾಯಿ ಬಿಟ್ಟ.

"ಸಾರ್, ನಾನು ಈ ಕೆಲಸ ಬಿಟ್ಟುಬಿಡ್ತೀನಿ. ಆಡೋ ಆಸೆ ನನಗಿನ್ನೂ ಸತ್ತಿಲ್ಲ. ಇಂಥವನು ಹುಡುಗರ ಮುಂದೆ ನಿಲ್ಲಬಾರದು. ನಿಮಗೆ ಆ ಆಸೆ ಯಾವಾಗ ಹೋಯ್ತು, ಅದೊಂದು ಹೇಳಿ."

"ಹೋಯ್ತು ಅಂತ ನಿನಗೆ ಯಾರೋ ಹೇಳಿದ್ದು?" ಮುದುಕ ರೇಗಿದ. "ಆಯ್ಕೆಯ ದಿನ ನೀನು ಕುಳ್ಳ, ಮನೆಗೆ ಹೋಗು ಅಂದೆ. ನೀನು ಚೆಂಡು ಕೆಳಗಿಡಲಿಲ್ಲ. ಅದು ಹಸಿವು ಅಂತ ನನಗೆ ಹೇಗೆ ಗೊತ್ತಾಯ್ತು? ನನಗೂ ಇತ್ತು, ಗೊತ್ತಾಯ್ತು. ಹೊಟ್ಟೆ ತುಂಬಿದವನಾಗಿದ್ದರೆ ನಿನ್ನನ್ನು ಅವತ್ತೇ ಓಡಿಸ್ತಿದ್ದೆ. ಬಡಿಸುವವನಿಗೆ ಹಸಿವಿರಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಹಸಿದವನೇ ಅಚ್ಚುಕಟ್ಟಾಗಿ ಬಡಿಸೋದು. ಕೂತವರ ಎಲೆಗೆ ಕೈ ಹಾಕಬಾರದು, ಅಷ್ಟೇ. ನೀನು ಹಾಕಿದೆ. ಹೋಗಿ ಆ ಹುಡುಗನ ಹತ್ತಿರ ತಪ್ಪಾಯ್ತು ಅನ್ನು. ಕೆಲಸ ಬಿಡ್ತಾನಂತೆ, ಕೆಲಸ!"

ಅವನು ಎದ್ದು ಹೋದ. ಆಟದ ಅಂಗಳದಲ್ಲಿ ಎಲ್ಲರ ಎದುರಿಗೆ ನಾಯಕನ ಹತ್ತಿರ ತಪ್ಪಾಯ್ತು ಎಂದ. ಹುಡುಗ ನಾಚಿಕೊಂಡು, ಬಿಡಿ ಸಾರ್, ಎಂಥ ಕ್ಯಾಚು ಅದು ಎಂದ. ಎಲ್ಲರೂ ನಕ್ಕರು. ಇವನ ಕಣ್ಣಲ್ಲಿ ನೀರು ಬಂತು.

ಅವತ್ತಿನಿಂದ ಅವನು ಬೆಳಗ್ಗೆ ಹುಡುಗರು ಬರುವ ಮೊದಲೇ ಅಂಗಳಕ್ಕೆ ಹೋಗಿ ಮನಸಾರೆ ಚೆಂಡು ಎಸೆಯುತ್ತಿದ್ದ. ಅವರು ಬಂದ ಮೇಲೆ ಚೆಂಡು ಅವರದು. ತಂಡ ಕೆಲವು ವರ್ಷ ಗೆದ್ದಿತು, ಕೆಲವು ವರ್ಷ ಸೋತಿತು. ಅವನ ಕೈಕೆಳಗೆ ಆಡಿದವರಲ್ಲಿ ಕೆಲವರು ಅವನಿಗಿಂತ ಮುಂದೆ ಹೋದರು. ಅವರ ಆಟ ನೋಡುವಾಗ ಅವನಿಗೆ ಸಂತೋಷವೂ ಆಗುತ್ತಿತ್ತು, ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು. ಸಂತೋಷವೇ ಹೆಚ್ಚು. ತಲೆ ನರೆಯುವ ತನಕ ಅವನು ಆ ಗೆರೆಯ ಹೊರಗೇ ನಿಂತಿದ್ದ. ಬದುಕು ಚೆನ್ನಾಗಿಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಗುರುಮಲ್ಲನಿಗೆ ಅರ್ಥವಾಗದೇ ಇರಲಿಲ್ಲ. ಮಕ್ಕಳ ಮುಚ್ಚಿದ ಬಾಯಿಗಳು ಕಣ್ಣ ಮುಂದೆ ಬಂದವು, ನಾಚಿಕೆಯಾಯಿತು. ಆದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ. ಇದು ಚೆಂಡಿನ ಮಾತು. ಎದುರಿಗೆ ಕೂತವರು ಎಲ್ಲವನ್ನೂ ಗೆದ್ದವರು. ತನ್ನಂಥವನ ಚಡಪಡಿಕೆ ಇವರಿಗೆ ಎಲ್ಲಿ ತಿಳಿಯಬೇಕು?

"ಬುದ್ಧೀ, ಅವನು ಆಟಗಾರ, ಅವನ ಮಾತು ಬೇರೆ" ಎಂದ. "ತಾವು ಅಷ್ಟು ವರ್ಷ ನನಗೆ ಪಾಠ ಹೇಳಿದಿರಿ. ನಾನು ಹಾಡುವಾಗ ಒಂದು ದಿನವಾದರೂ ತಾವು ನಡುವೆ ದನಿ ಸೇರಿಸಿದವರಲ್ಲ. ತಮಗೆ ಆ ಆಸೆ ಎಲ್ಲಿಂದ ಬರಬೇಕು?"

ಗುರುಗಳು ಅವನನ್ನೇ ನೋಡಿದರು.

"ನೀನು ಹಾಡುವಾಗಲೆಲ್ಲ ನಾನು ಲವಂಗ ಕಚ್ಚಿಕೊಂಡು ಕೂರುತ್ತಿದ್ದದ್ದು ಕೆಮ್ಮಿಗೆ ಅಂದುಕೊಂಡಿದ್ದೆಯೇನಪ್ಪಾ?"