ಸೆಳವಿಗೆ ಎದುರಾಗಿ ಬಂದ ನೊಣ

ಬೆಟ್ಟದ ತಣ್ಣನೆಯ ಹೊಳೆಯಲ್ಲಿ ಚುಕ್ಕವ್ವ ಎಂಬ ಮುದಿ ಟ್ರೌಟ್ ಮೀನು ತಂಗಿ ಮಿಂಚವ್ವನೊಡನೆ ಬಾಳುತ್ತಿದ್ದಳು. ಮೂರು ದಿನದಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಆಗ ಕೌಜುಗದ ಗರಿಯ ರೆಕ್ಕೆ, ಕೆಂಪು ರೇಷ್ಮೆ ದಾರದ ಮೈಯುಳ್ಳ ನೊಣವೊಂದು ನೀರೊಳಗೆ ಇಳಿದು ಬಂತು.

“ತಾಯಂದಿರೇ, ನಾನು ಹೊಳೆಗೆ ಬಿದ್ದ ಬಡ ನೊಣ. ನನ್ನನ್ನು ತಿಂದು ಹಸಿವು ನೀಗಿಸಿಕೊಳ್ಳಿ,” ಎಂದಿತು.

ಚುಕ್ಕವ್ವ ಹಿಂದೆ ಸರಿದಳು. “ಹೊಳೆಗೆ ಬಿದ್ದ ನೊಣ ಸೆಳವಿನ ಜೊತೆ ಕೊಚ್ಚಿಹೋಗುತ್ತದೆ. ನೀನು ಸೆಳವಿಗೆ ಎದುರಾಗಿ ಬರುತ್ತಿದ್ದೀಯಲ್ಲ, ನಿನ್ನನ್ನು ಎಳೆಯುತ್ತಿರುವವರು ಯಾರು?”

“ನಿನಗೆ ಎಲ್ಲದರಲ್ಲೂ ಅನುಮಾನವೇ ಅಕ್ಕಾ!” ಎಂದು ಮಿಂಚವ್ವ ಬಾಯಿ ಹಾಕಿಯೇಬಿಟ್ಟಳು. ಗರಿಯೊಳಗಿದ್ದ ಗಾಳ ತುಟಿಗೆ ನೆಟ್ಟಿತು. ದಡದ ಮೇಲಿದ್ದ ಮೀನುಗಾರ ದಾರ ಸೆಳೆದ. ಅಕ್ಕ ಕೂಗುವಷ್ಟರಲ್ಲಿ ತಂಗಿ ನೀರಿನಿಂದಾಚೆ ಮರೆಯಾಗಿದ್ದಳು.

ಸ್ವಲ್ಪ ಹೊತ್ತಿಗೆ ಅದೇ ನೊಣ ಗರಿ ಕೆದರಿಕೊಂಡು ಮತ್ತೆ ಬಂತು. “ತಾಯೀ, ನಿಮ್ಮ ತಂಗಿ ಮೇಲೆ ಸುಖವಾಗಿದ್ದಾರೆ. ನಿಮ್ಮನ್ನೂ ಕರೆದುಕೊಂಡು ಬಾ ಎಂದಿದ್ದಾರೆ. ಅಲ್ಲಿ ಅವರಿಗೆ ಹಸಿವೆಂಬುದೇ ಇಲ್ಲ.”

“ಅದೊಂದು ಮಾತನ್ನು ಮಾತ್ರ ನಂಬುತ್ತೇನೆ,” ಎಂದು ಚುಕ್ಕವ್ವ ಖಾಲಿ ಹೊಟ್ಟೆಯಲ್ಲೇ ಬಂಡೆಯಡಿ ಸೇರಿಕೊಂಡಳು.